ದಿನಕ್ಕೊಂದು ನಿಮಿಷ, ದಾಕ್ಷಾಯಣಿ

ಮೈಕ್ ಅವಳ ಕೈಗೆ ಬಂದೇಬಿಟ್ಟಿತು.

ತುಮಕೂರಿನ ಕಲ್ಯಾಣ ಮಂಟಪದಲ್ಲಿ ಅಂದು ವಧು-ವರರ ಸಮಾವೇಶ. ಒಬ್ಬೊಬ್ಬರೇ ವೇದಿಕೆ ಹತ್ತಿ ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳಬೇಕು. ದಾಕ್ಷಾಯಣಿ ಹೆಸರು ಹೇಳಿದಳು. ಊರು ಗುಬ್ಬಿ ಎಂದಳು. ಆಮೇಲೆ ಕಲಿತುಬಂದ ಮಾತೆಲ್ಲ ಮರೆತುಹೋಯಿತು...

ಎದುರಿಗಿದ್ದ ವಿಡಿಯೋದವನು ಅವಳನ್ನೇ ದಿಟ್ಟಿಸಿದ. ಒಂದು ಕ್ಷಣ ಇಬ್ಬರ ಕಣ್ಣೂ ಕೂಡಿದವು. ಮರುಕ್ಷಣ ಅವನು ಕ್ಯಾಮೆರಾವನ್ನು ಕೆಳಗಿಳಿಸಿಬಿಟ್ಟ.

‘ವಿಡಿಯೋ ಹಿಡಿಯುವಷ್ಟೂ ಯೋಗ್ಯತೆ ಇಲ್ಲವೇ ನನಗೆ?’

ಮೈಕನ್ನು ಅಲ್ಲೇ ಇಟ್ಟು ಇಳಿದವಳು ಸಿಕ್ಕಿದ ಬಸ್ಸು ಹತ್ತಿ ಮನೆ ಸೇರಿದಳು.

ಶಿವ ಮನುಷ್ಯನಿಗೆ ಎರಡು ಕಣ್ಣು ಕೊಟ್ಟ. ತನ್ನ ಮುಖವನ್ನು ತಾನು ನೋಡಿಕೊಳ್ಳಲು ಮಾತ್ರ ಒಂದನ್ನೂ ಕೊಡಲಿಲ್ಲ. ಅದಕ್ಕೇ ಇರಬೇಕು, ನಮ್ಮ ಬೆಲೆಯನ್ನು ಎದುರಿಗಿದ್ದವರ ಕಣ್ಣಲ್ಲಿ ಹುಡುಕಿ ಹುಡುಕಿ ಸೋಲುತ್ತೇವೆ.

ವಾರವೆಲ್ಲ ಅತ್ತ ಮೇಲೆ ದಾಕ್ಷಾಯಣಿ ಒಂದು ನಿರ್ಧಾರ ಮಾಡಿದಳು. ಯಾರೂ ಹಿಡಿಯದಿದ್ದರೆ ಬೇಡ, ತನ್ನನ್ನು ತಾನೇ ಹಿಡಿಯುವುದು. ದಿನಕ್ಕೊಂದು ನಿಮಿಷ. ಹೊಲಿಗೆ ಮೆಷಿನ್ನಿನ ಮೇಲೆ, ದಾರದ ಡಬ್ಬಿಗೆ ಮೊಬೈಲ್ ಒರಗಿಸಿ, ಅಂದಿನ ಸಮಾಚಾರ ಹೇಳುವುದು.

ಮೊದಲ ದಿನ ಹನ್ನೆರಡು ಸೆಕೆಂಡಿಗೇ ಮಾತು ಮುಗಿಯಿತು.

ನೋಡುವವರು ಒಬ್ಬರೇ, ಅಜ್ಜಿ ಸಿದ್ದಲಕ್ಷ್ಮಮ್ಮ.

“ಮುಖ ಎತ್ತೇ. ದಿನಾ ನಿನ್ ಬೈತಲೆ ನೋಡಿ ನೋಡಿ ಸಾಕಾಗೈತೆ,” ಎಂದು ಗದರುತ್ತಿದ್ದರು.

ಮುಖ ಎತ್ತಲು ತಿಂಗಳು ಹಿಡಿಯಿತು. ಒಂದು ದಿನ, ಒಂದೇ ರವಿಕೆಗೆ ಎರಡು ಎಡತೋಳು ಹೊಲಿದ ಕಥೆ ಹೇಳುತ್ತ ಹೇಳುತ್ತ ನಕ್ಕುಬಿಟ್ಟಳು. ಸಂಜೆ ಆ ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ನಗುವಾಗ ತಾನು ಹೀಗೆ ಕಾಣುತ್ತೇನೆಂದು ಇಷ್ಟು ವರ್ಷ ಅವಳಿಗೆ ಗೊತ್ತೇ ಇರಲಿಲ್ಲ!

ಮರುವರ್ಷ ಸಮಾವೇಶದ ಕರೆ ಬಂದಾಗ, ಅಜ್ಜಿ ಕೇಳುವ ಮೊದಲೇ ಹೆಸರು ಬರೆಸಿದಳು.

ಅದೇ ಮಂಟಪ, ಈ ಸಲ ಜೊತೆಗೆ ಅಜ್ಜಿ. ಅದೇ ವಿಡಿಯೋದವನು. ಕುಣಿಗಲ್ಲಿನಲ್ಲಿ ಕೆರೆ ಏರಿಯ ಹತ್ತಿರ ಸ್ಟುಡಿಯೋ ಇಟ್ಟುಕೊಂಡಿದ್ದ ರೇಣುಕಾಪ್ರಸಾದ್. ದಾಕ್ಷಾಯಣಿ ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

“ಹೋದ್ ವರ್ಷ ನಾನ್ ಮಾತಾಡ್ತಿದ್ದಾಗ ಕ್ಯಾಮೆರಾ ಯಾಕ್ರೀ ಇಳಿಸಿದ್ರಿ?”

ಅವನು ಮರೆತಿರಲಿಲ್ಲ. “ನಿಮ್ ಕಣ್ಣಲ್ಲಿ ನೀರು ಬಂದಿತ್ತು. ಈ ವಿಡಿಯೋ ಎಲ್ರ ಮನೆಗೂ ಹೋಗುತ್ತೆ. ಅದನ್ನ ಅವ್ರೆಲ್ಲ ನೋಡೋದ್ ಬೇಡ ಅನ್ನಿಸ್ತು.”

ವರ್ಷವಿಡೀ ಹೊತ್ತ ಸಿಟ್ಟನ್ನು ಎಲ್ಲಿ ಇಳಿಸುವುದೆಂದು ಅವಳಿಗೆ ತಿಳಿಯಲಿಲ್ಲ. ಅಂದು ಅವಳನ್ನು ಹುಡುಕಿಕೊಂಡು ಬಸ್‌ಸ್ಟ್ಯಾಂಡಿನವರೆಗೂ ಹೋಗಿದ್ದೆನೆಂದು ಅವನು ಅಳುಕುತ್ತಲೇ ಹೇಳಿದ. ಅಷ್ಟರಲ್ಲಿ ಅವಳ ಹೆಸರು ಕೂಗಿದರು.

“ನಾನು ದಾಕ್ಷಾಯಣಿ. ಗುಬ್ಬಿಯವ್ಳು. ರವಿಕೆ ಹೊಲಿತೀನಿ. ಹೋದ್ ವರ್ಷ ಇಲ್ಲಿಂದ ಓಡೋಗಿದ್ದೆ,” ಎಂದಳು. ಸಭೆ ನಕ್ಕಿತು, ಅವಳೂ ನಕ್ಕಳು. “ಕಾಫಿ ಮಾಡೋಕ್ ಬರೋ ಹುಡುಗ ಆದ್ರೆ ಒಳ್ಳೇದು. ನಾನ್ ಮಾಡಿದ್ದನ್ನ ನಮ್ಮಜ್ಜೀನೇ ಕುಡಿಯಲ್ಲ.”

ಅವಳು ಇಳಿದು ಬರುವಷ್ಟರಲ್ಲಿ ಮೂರು ಮನೆಯವರು ಸಂಚಾಲಕ ಮಹಾಲಿಂಗಯ್ಯನವರ ಬಳಿ ಅವಳ ವಿಳಾಸ ಕೇಳುತ್ತಿದ್ದರು. ಅದು ರೇಣುಕಾಪ್ರಸಾದನ ಕಿವಿಗೂ ಬಿತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ವೇದಿಕೆ ಹತ್ತಿ, ಪಟ್ಟಿಗೆ ತನ್ನದೂ ಒಂದು ಹೆಸರು ಸೇರಿಸಬೇಕೆಂದು ಕೇಳಿದ.

“ಏನಪ್ಪಾ, ಐದ್ ವರ್ಷದಿಂದ ಊರೋರನ್ನೆಲ್ಲ ಹಿಡಿತಿದೀಯ. ನಿಂಗೇ ಇನ್ನೂ ಮದ್ವೆ ಆಗಿಲ್ವಾ?” ಎನ್ನುತ್ತ ಮಹಾಲಿಂಗಯ್ಯ ಅವನ ಕೈಗೆ ಮೈಕ್ ಕೊಟ್ಟರು.

“ನಾನು ರೇಣುಕಾಪ್ರಸಾದ್... ಕುಣಿಗಲ್...”

ಅಷ್ಟೇ. ಮುಂದೆ ಮಾತಿಲ್ಲ. ಸಾವಿರಾರು ಮುಖಗಳನ್ನು ಹಿಡಿದವನು ಎಂದೂ ಕ್ಯಾಮೆರಾದ ಮುಂದೆ ನಿಂತವನಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

‘ಪಾಪ, ಎಲ್ಲಿ ನೋಡಬೇಕೆಂದೇ ತಿಳಿಯುತ್ತಿಲ್ಲ ಇವನಿಗೆ...’

ಆ ಅವಸ್ಥೆ ದಾಕ್ಷಾಯಣಿಗಲ್ಲದೆ ಇನ್ಯಾರಿಗೆ ಗೊತ್ತು? ಅವಳು ಎದ್ದಳು. ತುಂಬಿದ ಸಭೆಯ ನಡುವೆ ನಡೆದು ಹೋಗಿ ಕ್ಯಾಮೆರಾದ ಹಿಂದೆ ನಿಂತಳು.

“ಇಲ್ಲಿ ನೋಡ್ರೀ. ಅಷ್ಟು ಜನಕ್ಕೆ ಹೇಳ್ಬೇಡಿ. ನನಗೊಬ್ಳಿಗೇ ಹೇಳ್ತಿದೀನಿ ಅಂದ್ಕೊಳ್ಳಿ.”

ಅವನು ಅವಳನ್ನು ನೋಡಿದ. ಕಿವಿಯೆಲ್ಲ ಕೆಂಪಾಯಿತು.

“ನಿಮಗೊಬ್ರಿಗೇ ಕಣ್ರೀ ಹೇಳೋಕ್ ಬಂದಿರೋದು...”

ಮೈಕ್ ಆ ಮಾತನ್ನು ಮಂಟಪಕ್ಕೆಲ್ಲ ಕೇಳಿಸಿಬಿಟ್ಟಿತು. ಅಜ್ಜಿ ಕುರ್ಚಿಯಿಂದ ಅರ್ಧ ಎದ್ದು ಕೈಮುಗಿದರು. ದೇವರಿಗೋ ಹುಡುಗನಿಗೋ ಗೊತ್ತಾಗಲಿಲ್ಲ.

“ನಿಧಾನಕ್ಕೆ ಹೇಳಿ,” ಎಂದಳು ದಾಕ್ಷಾಯಣಿ. “ಕೇಳ್ತಾ ಇದೀನಿ.”