ಅಯ್ಯನವರ ಸಮಾಧಿಯ ಕಲ್ಲು

2006ರ ನವೆಂಬರ್ 14ರ ಬೆಳಿಗ್ಗೆ ಮಠದ ವ್ಯವಸ್ಥಾಪಕ ಗುರುಶಾಂತಯ್ಯ ಠಾಣೆಗೆ ಬಂದು ದೂರು ಕೊಟ್ಟರು. ಕಾಶಿಯ ಬಂಗಾಲಿ ಟೋಲಾದಲ್ಲಿರುವ ಮಠದ ಹಿತ್ತಿಲಲ್ಲಿ ಯಾತ್ರಿನಿವಾಸಕ್ಕೆ ಪಾಯ ತೋಡುವಾಗ, ಕೂತ ಭಂಗಿಯ ಅಸ್ಥಿಪಂಜರವೂ ಒಂದು ಲಿಂಗವೂ ಸಿಕ್ಕಿದ್ದವು. ಕರ್ನಾಟಕದಿಂದ ಬಂದು ಇಲ್ಲಿ ಮೊದಲು ನೆಲೆಸಿದ ಅಯ್ಯನವರ ಸಮಾಧಿ ಅದು. ಹೆಸರು ಕೆತ್ತಿದ ಕಲ್ಲಿನ ಸುತ್ತ ಜಾಗ ಬಿಟ್ಟು ಉಳಿದದ್ದನ್ನು ಅಗೆಯಿರಿ ಎಂದು ಕೂಲಿಗಳಿಗೆ ಹೇಳಿದ್ದರು. ಅವರು ಹಾಗೇ ಮಾಡಿದ್ದರು. ಆದರೆ ಅದಕ್ಕೂ ಮೊದಲೇ ಕಲ್ಲನ್ನೇ ಯಾರೋ ಸರಿಸಿದ್ದರು.

ಇನ್‌ಸ್ಪೆಕ್ಟರ್ ರಮೇಶ ಚೌಬೆ ಸಮಾಧಿಗೆ ಅಪಚಾರವೆಂದು ಐಪಿಸಿ 297ರಡಿ ಎಫ್‌ಐಆರ್ ದಾಖಲಿಸಿದರು. ಕಾಶಿಗೆ ಬಂದೂ ಸುಡದೆ ಹೂಳುವ ಶಿವಭಕ್ತರಿದ್ದಾರೆ ಎಂಬುದೇ ಅವರಿಗೆ ಹೊಸ ಸಂಗತಿ. ಗಲ್ಲಿಯಲ್ಲಿ ಈಗ ಕನ್ನಡದ ಮನೆಗಳು ಐದೋ ಆರೋ. ಮಕ್ಕಳ ಬಾಯಲ್ಲಿ ಹಿಂದಿ. ತಮ್ಮ ಚರಿತ್ರೆ ಎಂದು ಇವರು ತೋರಿಸಲು ಇದ್ದದ್ದು ಆ ಕಲ್ಲೊಂದೇ. ಚೌಬೆ ಆ ಗಲ್ಲಿಯಲ್ಲೇ ಬೆಳೆದ, ಕನ್ನಡ ಬಲ್ಲ ಕಾನ್‌ಸ್ಟೆಬಲ್ ವಿನಾಯಕನನ್ನು ಜೊತೆಗೆ ಕರೆದುಕೊಂಡರು.

ಪಂಚನಾಮೆ ನಡೆಯಿತು. ಮೊಣಕಾಲೆತ್ತರದ ಕಲ್ಲು ಕಣಗಿಲೆ ಗಿಡದ ಬುಡದಲ್ಲಿತ್ತು. ಅಲ್ಲಿಯವರೆಗೂ ನೆಲದಲ್ಲಿ ದುಂಡನೆಯ ಮರದ ತುಂಡು ಉರುಳಿದ ಗುರುತು. ಅಡುಗೆಮನೆಯ ಎರಡು ಒನಕೆಗಳಿಗೆ ಹಸಿಮಣ್ಣು ಮೆತ್ತಿತ್ತು. ಮಠದಲ್ಲಿ ಅಡುಗೆ ಮಾಡುವಾಕೆ ಬಸಲಿಂಗಮ್ಮ, ವಯಸ್ಸು ಅರವತ್ತು ದಾಟಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಆಕೆಯ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ.

ಚೌಬೆಯ ಪ್ರಶ್ನೆಗಳನ್ನು ವಿನಾಯಕ ಕನ್ನಡದಲ್ಲಿ ಕೇಳಿದ.

"ಕಲ್ಲು ಸರಿಸಿದ್ದು ಯಾರು?"

"ನಾನಪ್ಪ. ಒನಕಿ ಮ್ಯಾಲೆ ಉಳ್ಳಿಸಿದ್ನಿ."

"ಯಾಕ್ ಅವ್ವಾ?"

"ಗಿಡದ ಬುಡಕ್ಕ ನನ್ನ ಮಗಳು ವಚನಾ ಅದಾಳ. ನಾಕು ವರ್ಷದ ಕೂಸು."

"ಮಠದವರಿಗೆ ಹೇಳಬೇಕಿತ್ತು."

"ಹೇಳಿದ್ನೆಪ್ಪ. ಕಲ್ಲಿಲ್ಲದ್ದಕ್ಕ ಗುರುತೇನು ಅಂದ್ರು. ಕಲ್ಲಿದ್ದಲ್ಲಿ ಅಗಿಯೂದಿಲ್ಲ ಅಂದ್ರು."

"ಮತ್ತೆ ಅಯ್ಯನವರು?"

"ಅವರು ದೊಡ್ಡವರು. ಅವರಿರೋ ಜಾಗ ಎಲ್ಲಾರಿಗೂ ಗೊತ್ತಿರತೈತಿ ಅಂದ್ಕೊಂಡಿದ್ನಿ."

ಯಾರಿಗೂ ಗೊತ್ತಿರಲಿಲ್ಲ. ನಿತ್ಯ ಆ ಕಲ್ಲಿಗೆ ಕೈಮುಗಿಯುತ್ತಿದ್ದ ಗುರುಶಾಂತಯ್ಯ ತಲೆ ತಗ್ಗಿಸಿದರು. ಚೌಬೆಗೂ ಸಂಕಟವಾಯಿತು, ಆದರೆ ತಪ್ಪೊಪ್ಪಿಕೊಂಡವಳನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಮಹಿಳಾ ಪೇದೆ ಬಂದ ಮೇಲೆ ಬಂಧನವಾಯಿತು. ಆ ಮಗು ಜ್ವರದಿಂದ ಸತ್ತು ಮೂವತ್ತು ವರ್ಷದ ಮೇಲಾಗಿತ್ತು. ಊರಿಗೆ ಹೋಗೋಣ ಎಂದು ಕರೆದ ಗಂಡನನ್ನು ಒಬ್ಬನೇ ಕಳಿಸಿ, ಬಸಲಿಂಗಮ್ಮ ಈ ಹಿತ್ತಿಲಿಗಾಗಿ ಇಲ್ಲೇ ಅಡುಗೆಗೆ ನಿಂತಿದ್ದಳು.

ಮಹಜರು ಮುಗಿದಿದ್ದರಿಂದ ಕಲ್ಲನ್ನು ಮೊದಲಿನ ಜಾಗಕ್ಕೆ ಒಯ್ಯಲು ಕೂಲಿಗಳು ಹಗ್ಗ ತಂದರು. ಬಸಲಿಂಗಮ್ಮ ಬಾಗಿಲಲ್ಲಿ ನಿಂತು ವಿನಾಯಕನ ತೋಳು ಹಿಡಿದಳು.

"ಗಿಡದ ಬುಡಕ್ಕ ಗುದ್ದಲಿ ಹಾಕಬ್ಯಾಡ ಅನ್ನಪ್ಪ ಅವರಿಗೆ. ಕೈಲೆ ಅಗೀಲಿ. ಭಾಳ ಸಣ್ಣಾಕಿ ಅದಾಳ."

ಕೂಲಿಗಳಿಗೆ ಕನ್ನಡ ಬಾರದು. ಅದನ್ನು ಹಿಂದಿಯಲ್ಲಿ ಹೇಳಲು ವಿನಾಯಕನಿಗೆ ಬಾಯಿ ಬರಲಿಲ್ಲ.