ಹಿಡಿತ ತಪ್ಪಿದ ಸ್ಕ್ರೂ

"ಸಾಕೆಟ್ ಕಿತ್ತಿದ್ದು ನೀನೇನಾ?" ಖುನ್‌ಶಾನ್ ಕೇಳಿದ.

"ನಾನ್ಯಾಕೆ ಕೀಳಲಿ? ಪ್ಲಗ್ ಎಳೆದೆ, ಗೋಡೇಲಿದ್ದಿದ್ದೇ ಕೈಗೆ ಬಂತು," ಎಂದಳು ಯೂಚಿನ್.

ತೈನಾನ್‌ನ ಆ ಹಳೆಯ ಓಣಿಗೆಲ್ಲ ಅವನೇ ಎಲೆಕ್ಟ್ರಿಷಿಯನ್. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಏನು ಕೆಟ್ಟರೂ ಯೂಚಿನ್ ಅವನನ್ನೇ ಕರೆಯುತ್ತಿದ್ದಳು. ಕೆಡದಿದ್ದರೂ ಒಮ್ಮೊಮ್ಮೆ ಕರೆಯುತ್ತಿದ್ದಳು. ಅದು ಗೊತ್ತಿದ್ದೇ ಅವನು ಬರುತ್ತಿದ್ದ. ಈ ಚಳಿಗಾಲವಿಡೀ ಮಾತ್ರ ಅವನ ಸುಳಿವಿರಲಿಲ್ಲ. ಇವತ್ತು ಕರೆಯದೆಯೇ ಬಂದಿದ್ದ.

ಮೇನ್ ಸ್ವಿಚ್ ಆರಿಸಿ, ಗೋಡೆಯೊಳಗಿನ ಲೋಹದ ಬಾಕ್ಸಿಗೆ ಟಾರ್ಚ್ ಬಿಟ್ಟ. "ತೂತಿನ ಥ್ರೆಡ್ ಸವೆದಿದೆ. ಸ್ಕ್ರೂ ಸುತ್ತುತ್ತೆ, ಹಿಡಿಯಲ್ಲ. ಒಂದು ಸೈಜ್ ದೊಡ್ಡ ಥ್ರೆಡ್ ಕೊರೀಬೇಕು."

"ಗೋಡೆ ಒಡೀಬೇಕೇನೋ ಅಂದ್ಕೊಂಡೆ."

"ಇಷ್ಟಕ್ಕೆ ಗೋಡೆ ಒಡೆಯೋದಾದ್ರೆ ನಾನ್ಯಾಕೆ?"

ಅವಳು ನಕ್ಕಳು. ಓರೆಗಣ್ಣಲ್ಲಿ ನೋಡಿ ಅವನೂ ನಕ್ಕ. ತೂತನ್ನು ಹಿಗ್ಗಿಸಿ, ಥ್ರೆಡ್ ಕೊರೆಯುವ ಹತಾರವನ್ನು ಅದರ ಬಾಯಿಗಿಟ್ಟ. ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಅವನ ಬಲಗೈ ನಡುಗುತ್ತಿತ್ತು.

"ಯಾವಾಗಿಂದ?" ಅವಳ ದನಿ ಇಳಿದಿತ್ತು.

"ಚಳಿ ಶುರುವಾದಾಗಿಂದ. ನಡುಕ ಇನ್ನೂ ಜಾಸ್ತಿ ಆಗುತ್ತೆ ಅಂದ್ರು ಡಾಕ್ಟರ್. ಅಂಗಡಿ ಮುಚ್ಚಿದೆ. ನಾಳೆ ತೈತುಂಗ್‌ಗೆ, ಅಕ್ಕನ ಮನೆಗೆ."

"ಹೇಳದೇ ಹೋಗ್ತಿದ್ಯಾ?"

"ಹೇಳೋಕೆ ಅಂತಲೇ ಬಂದೆ. ನೀನು ಸಾಕೆಟ್ ತೋರಿಸ್ದೆ."

ಯೂಚಿನ್ ಎರಡೂ ಕೈಗಳಿಂದ ಅವನ ಮಣಿಕಟ್ಟು ಹಿಡಿದಳು. ಹತಾರ ನೆಟ್ಟಗೆ ನಿಂತಿತು. ಅರ್ಧ ಸುತ್ತು ಮುಂದೆ, ಚೂರು ಹಿಂದೆ. ಲೋಹದ ಪುಡಿ ಉದುರಿತು. ಹೊಸ ಸ್ಕ್ರೂ ಬಿಗಿಯಾಗಿ ಕೂತ ಮೇಲೂ ಅವಳು ಕೈ ಬಿಡಲಿಲ್ಲ.

"ಇಲ್ಲೇ ಇರು ಅಂದ್ರೆ?"

"ಹಾಸಿಗೆ ಹಿಡಿದ ಗಂಡನ್ನ ವರ್ಷಗಟ್ಟಲೆ ನೀನು ನೋಡ್ಕೊಂಡೆ. ಇನ್ನೊಬ್ಬನಿಗೆ ಗಂಜಿ ಕುಡಿಸೋ ಹಣೆಬರಹ ನಿನಗೆ ಬೇಡ."

"ಹಣೆಬರಹ ನಂದು. ಬೇಕೋ ಬೇಡವೋ ನಾನು ಹೇಳ್ತೀನಿ."

"ನನಗೂ ಒಂದಾಸೆ ಇದೆ, ಯೂಚಿನ್. ನಿನ್ನ ಕಣ್ಣಲ್ಲಿ ನಾನು ಕೆಲಸ ಬರೋ ಗಂಡಸಾಗೇ ಉಳೀಬೇಕು."

ಅವಳಿಗೆ ಕೋಪ ಉಕ್ಕಿತು, ಅದರ ಬೆನ್ನಿಗೇ ಕಣ್ಣೀರು. "ನಿನ್ನ ಮೇಲೆ ಮನಸ್ಸಿಟ್ಟು ಎಷ್ಟು ಕಾಲ ಆಯ್ತು ಗೊತ್ತಾ?"

"ಗೊತ್ತು. ನಾನು ಅದಕ್ಕೂ ಮುಂಚೆಯೇ ಇಟ್ಟೆ."

ಅವಳು ಕಣ್ಣೊರೆಸಿಕೊಂಡು ಮೀನಿನ ಗಂಜಿ ಬಡಿಸಿದಳು. ಅವನು ಚಮಚ ಎತ್ತಿದ. ಅರ್ಧ ಮೇಜಿನ ಮೇಲೆ ಚೆಲ್ಲಿತು.

"ನೋಡ್ಬೇಡ," ಎಂದ ಮೆಲ್ಲಗೆ.

ಯೂಚಿನ್ ಒಲೆಯ ಕಡೆ ತಿರುಗಿ ನಿಂತಳು. ಚಮಚ ಬಟ್ಟಲಿಗೆ ಬಡಿಯುವ ಸದ್ದು ನಿಂತಿತು. ಕುರ್ಚಿ ಸರಿಯಿತು. ಅವಳ ಹೆಗಲ ಮೇಲೆ ಒಂದು ಕೈ ಬಂದು ಕೂತಿತು, ನಡುಗುತ್ತಲೇ ಇದ್ದು, ಹೊರಟುಹೋಯಿತು. ಬಾಗಿಲು ಹಾಕಿಕೊಂಡ ಮೇಲೂ ಅವಳು ತಿರುಗಲಿಲ್ಲ. ಅವನು ಅವಳಲ್ಲಿ ಕೇಳಿದ್ದು ಅದೊಂದನ್ನೇ.