ಜರಿಗಿಡದ ಎಡಭಾಗ

"ನನ್ನ ಜರಿಗಿಡವನ್ನ ಕೊಂದಿದ್ದು ಯಾರು?"

ಟೈಲ್ಸ್ ಕಾರ್ಖಾನೆಯ ಬಾಗಿಲಲ್ಲೇ ಅವಳ ದನಿ ಮೊಳಗಿತು. ಕೈಯಲ್ಲಿ, ಆಗಷ್ಟೇ ಅವಳ ಮನೆಗೆ ತಲುಪಿದ್ದ ಮಾದರಿ ಟೈಲ್ಸ್.

ಮಣ್ಣು ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಕಾರ್ಖಾನೆಯ ಯಜಮಾನ ಎದ್ದು ನಿಂತ. "ನಾನೇ..."

ಮಕ್ಕಳ ಆಸ್ಪತ್ರೆಯ ಗೋಡೆಯ ಟೈಲ್ಸ್ ಮೇಲೆ ಅಚ್ಚು ಹಾಕಿಸಲೆಂದು ಅವಳು ಬರೆದ ಮೊದಲ ದೊಡ್ಡ ಚಿತ್ರ ಅದು. ಜರಿಗಿಡದ ಒಂದು ಗರಿ. ಅದರ ಒಂದೊಂದು ಎಲೆಯೂ ಒಂದು ಪುಟ್ಟ ಗರಿ, ಆ ಪುಟ್ಟ ಗರಿಯ ಎಲೆಯೂ ಇನ್ನೂ ಪುಟ್ಟ ಗರಿ! ಹಾಸಿಗೆ ಹಿಡಿದ ಮಗು ಎಷ್ಟು ನೋಡಿದರೂ ಮುಗಿಯಬಾರದು ಎಂದು ಕಣ್ಣು ನೋಯುವಷ್ಟು ಹೊತ್ತು ಕೂತು ಬರೆದಿದ್ದಳು.

ಈಗ ನೋಡಿದರೆ, ಈ ಮಹಾಶಯ ಬಲಭಾಗವನ್ನೇ ಕಂಪ್ಯೂಟರಿನಲ್ಲಿ ತಿರುಗಿಸಿ ಎಡಕ್ಕೆ ಅಂಟಿಸಿದ್ದಾನೆ!

"ಎಲ್ಲಾ ಎಲೇನೂ ಒಂದೇ ತರ ಕಾಣುತ್ತೆ, ಆದ್ರೆ ಒಂದರ ಹಾಗೆ ಇನ್ನೊಂದು ಇರಲ್ಲ ರೀ! ಅದೇ ಅದರ ಚೆಂದ. ನನ್ನ ಕೈಕೆಲಸ ಅಷ್ಟು ಕಳಪೆ ಅನ್ನಿಸ್ತಾ ನಿಮಗೆ?"

ಅವನ ಕಣ್ಣು ಮೂಲೆಯ ಬೀರುವಿನ ಕಡೆ ಹೋಯಿತು.

'ಛೇ! ಇವನಿಗೋಸ್ಕರ ವಾರವಾರ ಓಡಿ ಬರ್ತಿದ್ನಲ್ಲಾ...'

"ಟೈಲ್ಸ್ ನೋಡೋಕೆ ಹೋಗ್ತೀಯೋ, ಟೈಲ್ಸ್ ಮಾಡೋನನ್ನ ನೋಡೋಕೋ?" ಎಂದು ಅತ್ತಿಗೆ ಕಾಲೆಳೆದಾಗ ತಾನು ನಾಚಿ ಕೆಂಪಾಗಿದ್ದು ನೆನಪಾಗಿ ಅವಳಿಗೆ ಅಳುವೇ ಬಂತು.

"ನನ್ನ ಚಿತ್ರ ವಾಪಸ್ ಕೊಡಿ. ಬೇರೆ ಕಡೆ ಮಾಡಿಸ್ಕೋತೀನಿ. ಇನ್ನು ಈ ಕಡೆ ತಲೆ ಹಾಕಲ್ಲ!"

ಅವನು ಬೀರು ತೆರೆದು, ಹಾಳೆಯನ್ನು ಮೇಜಿನ ಮೇಲೆ ಹರಡಿದ. ಎಡಭಾಗದ ತುಂಬ ಕಾಫಿ ಕಲೆ! ಶಾಯಿಯ ಗೆರೆಗಳೆಲ್ಲ ಕದಡಿಹೋಗಿದ್ದವು.

"ಅಯ್ಯೋ... ಇದೇನ್ರೀ ಇದು?"

"ಲೋಟ ಕೈಯಲ್ಲಿತ್ತು. ಆ ತುದಿ ಎಲೆ ಒಳಗೆ ಇನ್ನೊಂದು ಎಲೆ ಇದ್ಯಾ ಅಂತ ಬಗ್ಗಿ ನೋಡ್ದೆ... ಇತ್ತು. ಅದರೊಳಗೆ ಮತ್ತೊಂದು! ನೋಡ್ತಾ ನೋಡ್ತಾ ಲೋಟ ಇರೋದೇ ಮರೆತೆ. ಇಂಥದ್ದನ್ನ ಬರೆಯೋ ಕೈ ನಾನು ಎಲ್ಲೂ ಕಂಡಿಲ್ಲ ರೀ."

"ಹೇಳೋಕೆ ಏನು ಧಾಡಿ ನಿಮಗೆ?"

"ಹೇಳಿದ್ರೆ ಸಿಟ್ಟು ಮಾಡ್ಕೊಂಡು ನೀವು ಬರೋದೇ ಬಿಟ್ಟುಬಿಟ್ರೆ? ಆಮೇಲೆ... ನಾನೇನು ಮಾಡ್ಲಿ?"

ಅಷ್ಟು ಹೊತ್ತಿನ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಮೆಲ್ಲಗೆ ಬ್ಯಾಗಿನಿಂದ ಪೆನ್ನು ತೆಗೆದಳು.

"ಎಡಭಾಗ ಪೂರ್ತಿ ಮತ್ತೆ ಬರೀಬೇಕು. ತುಂಬಾ ದಿನ ಹಿಡಿಯುತ್ತೆ."

"ಹಿಡೀಲಿ."

"ಮನೆಗೆ ಒಯ್ಯಲ್ಲ. ಇಲ್ಲೇ ಬರೀತೀನಿ."

"ಜನ್ಮವೆಲ್ಲ ಹಿಡಿದ್ರೂ ಬೇಡ ಅನ್ನಲ್ಲ. ನೀವಂದ್ರೆ ನಂಗೆ ಪ್ರಾಣ ಕಣ್ರೀ..."

ಅವಳ ಕಣ್ಣು ತುಂಬಿತು, ಜೊತೆಗೆ ನಗುವೂ ಬಂತು.

"ಹಾಗಾದ್ರೆ ಮೊದಲು ಒಂದು ಕುರ್ಚಿ ಕೊಡಿ. ಜನ್ಮವೆಲ್ಲ ನಿಂತೇ ಇರ್ಲಾ?"